ಲೂಪ್ ಮ್ಯಾನ್ಯುಯಲ್‌ನಲ್ಲಿದೆ

ಪಿಐಡಿ ಟ್ಯೂನಿಂಗ್ ಎಂದರೆ ಮೂರೇ ಮೂರು ಅಂಕಿ. ಈಗಿರುವ ವ್ಯತ್ಯಾಸಕ್ಕೆ ಎಷ್ಟು ಜೋರಾಗಿ ಕೈಹಾಕಬೇಕು ಅನ್ನುವುದು ಗೇನ್. ಉಳಿದ ಬಾಕಿಯನ್ನು ಎಷ್ಟು ಬೇಗ ತೀರಿಸಬೇಕು ಅನ್ನುವುದು ಇಂಟಿಗ್ರಲ್. ಏರುವ ವೇಗ ನೋಡಿಯೇ ಬ್ರೇಕ್ ಹಾಕುವುದು ಡೆರಿವೇಟಿವ್. ಇದನ್ನು ನಮ್ಮಲ್ಲಿ ಹೆಚ್ಚಿನವರು ಸೊನ್ನೆ ಮಾಡಿ ಕೈತೊಳೆದುಕೊಳ್ಳುತ್ತಾರೆ.

1942ರಲ್ಲಿ ಜೀಗ್ಲರ್ ಮತ್ತು ನಿಕೋಲ್ಸ್ ಕೊಟ್ಟ ಸೂತ್ರ ಇಂದಿಗೂ ಪಠ್ಯದಲ್ಲಿದೆ: ಉಳಿದೆರಡನ್ನು ತೆಗೆದುಹಾಕಿ, ರೀಡಿಂಗ್ ಒಂದೇ ಸಮನೆ ತೂಗಾಡುವವರೆಗೆ ಗೇನ್ ಏರಿಸಿ. ಆಗ ಗೇನ್ 4, ಒಂದು ತೂಗಾಟಕ್ಕೆ 6 ನಿಮಿಷ ಅನ್ನಿ. ಪಿಐ ಕಂಟ್ರೋಲರಿಗೆ ಗೇನ್ 1.8, ಇಂಟಿಗ್ರಲ್ 5 ನಿಮಿಷ. ಆದರೆ ಮಾಲು ತುಂಬಿದ ರಿಯಾಕ್ಟರನ್ನು ಬೇಕೆಂದೇ ತೂಗಾಡಿಸಲು ಯಾವ ಪ್ರೊಡಕ್ಷನ್ ಮ್ಯಾನೇಜರ್ ಬಿಡುತ್ತಾನೆ?

ತಳೋಜಾದ ನಮ್ಮ ಕಾರ್ಖಾನೆಯಲ್ಲಿ ಒಂದು ಜಾಕೆಟ್‌ನ ಟೆಂಪರೇಚರ್ ಸದಾ ನಾಲ್ಕು ಡಿಗ್ರಿ ಮೇಲೆ ಕೆಳಗೆ ಆಡುತ್ತಿತ್ತು. ಬಂದವರೆಲ್ಲ ಗೇನ್ ಇಳಿಸಿ ಹೋಗಿದ್ದರು. ತೂಗಾಟ ನಿಧಾನವಾಯಿತೇ ಹೊರತು ನಿಲ್ಲಲಿಲ್ಲ. ರಾತ್ರಿ ಪಾಳಿಯ ಆಪರೇಟರ್, ಸಾತಾರಾ ಕಡೆಯವರು, ಲೂಪನ್ನು ಮ್ಯಾನ್ಯುಯಲ್‌ಗೆ ಹಾಕಿ ಕೈಯಲ್ಲೇ ಬ್ಯಾಚ್ ಮುಗಿಸುತ್ತಿದ್ದರು. ಎಲ್ಲ ಲೂಪ್ ಆಟೋದಲ್ಲೇ ಇರಬೇಕೆಂಬ ನಿಯಮ ಮೀರಿದ್ದಕ್ಕೆ ಅವರಿಗೆ ಎರಡು ಮೆಮೊ ಸಿಕ್ಕಿತ್ತು. ಮೂರನೆಯದಾದರೆ ಇನ್‌ಕ್ರಿಮೆಂಟಿಗೆ ಕತ್ತರಿ.

"ಯಾಕೆ ಕಾಕಾ?" ಎಂದು ಕೇಳಿದೆ.

"ಸಾಹೇಬ, ವಾಲ್ವ್ ಅಡಕತೋಯ."

ಸಿಕ್ಕಿಕೊಳ್ಳುತ್ತಿದೆ, ಅಷ್ಟೇ ಉತ್ತರ. ಲೂಪನ್ನು ಮ್ಯಾನ್ಯುಯಲ್‌ಗೆ ಹಾಕಿ ಔಟ್‌ಪುಟ್ ಕದಲಿಸದೆ ಅರ್ಧ ತಾಸು ಕೂತೆವು. ತೂಗಾಟ ನಿಂತೇ ಹೋಯಿತು. ಅಂದರೆ ಸ್ಟೀಮ್ ಲೈನಿನ ದೋಷವಲ್ಲ, ರೋಗ ಲೂಪಿನ ಒಳಗೇ ಇದೆ. ಮುಂದಿನ ಶಟ್‌ಡೌನ್‌ನಲ್ಲಿ ಸ್ಟೀಮ್ ಬಂದ್ ಮಾಡಿ ಅವರು ಕಂಟ್ರೋಲ್ ರೂಮಿನಲ್ಲಿ, ನಾನು ವಾಲ್ವಿನ ಪಕ್ಕ. ಔಟ್‌ಪುಟ್ 40ರಿಂದ 41. ಸ್ಟೆಮ್ ಕದಲಲಿಲ್ಲ. 42, ಇಲ್ಲ. 43 ಅಂದಾಗ ಟಕ್ ಎಂದು ಜಿಗಿಯಿತು.

ಎಂದೋ ಸೋರಿಕೆ ನಿಲ್ಲಿಸಲು ಗ್ಲ್ಯಾಂಡ್ ಪ್ಯಾಕಿಂಗನ್ನು ಯಾರೋ ಸಿಕ್ಕಾಪಟ್ಟೆ ಬಿಗಿದಿದ್ದರು. ಸ್ಟೆಮ್ ಕದಲುವವರೆಗೆ ಇಂಟಿಗ್ರಲ್ ಬಾಕಿ ಕೂಡಿಸುತ್ತಲೇ ಇರುತ್ತದೆ, ಕದಲಿದಾಗ ಅಳತೆ ಮೀರಿ ಜಿಗಿಯುತ್ತದೆ, ಮತ್ತೆ ಉಲ್ಟಾ ಇದೇ ಕಥೆ. ಇದಕ್ಕೆ ಯಾವ ಅಂಕಿ ಹಾಕಿದರೆ ಗುಣವಾದೀತು?

ಪ್ಯಾಕಿಂಗ್ ಬದಲಾಯಿತು. ಆಮೇಲಿನ ಟ್ಯೂನಿಂಗಿಗೆ ಒಂದು ಮಧ್ಯಾಹ್ನ ಸಾಕಾಯಿತು: ಐದು ಪರ್ಸೆಂಟ್ ವಾಲ್ವ್ ತೆರೆಯುವುದು, ಬಿಸಿ ತಲುಪಲು ಎಷ್ಟು ಹೊತ್ತು ಹಿಡಿಯಿತೆಂದು ನೋಡುವುದು, ಗೇನ್ ಸ್ವಲ್ಪ ಏರಿಸುವುದು, ಚಹಾ ಕುಡಿಯುವುದು. ಈಗ ಅರ್ಧ ಡಿಗ್ರಿಯೊಳಗೆ ನಿಲ್ಲುತ್ತದೆ.

ವಾಲ್ವಿನ ದೋಷ ಮೊದಲು ಹೇಳಿದವರು ಯಾರೆಂದು ರಿಪೋರ್ಟಿನಲ್ಲಿ ಬರೆದೆ. ಮೂರನೆಯ ಮೆಮೊ ಬರಲಿಲ್ಲ. ಹಳೆಯ ಎರಡನ್ನು ಯಾರೂ ವಾಪಸ್ ಪಡೆಯಲೂ ಇಲ್ಲ. ಬ್ಯಾಚ್ ಬಿಸಿಯೇರುವ ಮೊದಲ ಹತ್ತು ನಿಮಿಷ ಆ ಲೂಪ್ ಇನ್ನೂ ಮ್ಯಾನ್ಯುಯಲ್‌ನಲ್ಲಿರುವುದು ಟ್ರೆಂಡಿನಲ್ಲಿ ಕಾಣುತ್ತದೆ. ನಾನು ಕೇಳಲು ಹೋಗಿಲ್ಲ.