ಬೆನ್ನಿನ ಪಟ

ನನಗೂ ಒಂದು ಬೆನ್ನುಂಟೆಂದು 50 ದಾಟುವವರೆಗೆ ಗೊತ್ತಿರಲಿಲ್ಲ. ಈಗ ನ್ಯಾಮತಿಯಿಂದ ಹೊನ್ನಾಳಿಗೆ ಬಸ್ಸು ಹತ್ತಿದರೆ ರಸ್ತೆಯ ಹಳ್ಳಗಳನ್ನೆಲ್ಲ ಅದೇ ಎಣಿಸುತ್ತದೆ. ಚನ್ನಗಿರಿಯ ಷಡ್ಡಕ ಉಪ್ಪಿನ ಶಾಖ ಹೇಳಿದ; ಜಗಳೂರಿನ ಅಕ್ಕ ಎಣ್ಣೆ ಕಳಿಸಿದಳು. ಕಡೆಗೆ ದಾವಣಗೆರೆಯಲ್ಲಿ ಎಂ.ಆರ್.ಐ. ಆಯಿತು. ಎಕ್ಸ್-ರೇ ತೋರಿಸುವುದು ಮುಖ್ಯವಾಗಿ ಮೂಳೆಯನ್ನು; ಇದು ಅಯಸ್ಕಾಂತದ ಬಲದಿಂದ ಮೂಳೆಗಳ ನಡುವಿನ ಮೆತ್ತೆಯನ್ನೂ ನರವನ್ನೂ ತೋರಿಸುತ್ತದೆ. ಕೊಳವೆಯೊಳಗೆ ಕಮ್ಮಾರಸಾಲೆಯ ಸದ್ದು. ಅಲುಗಬೇಡಿ ಎಂದೊಡನೆ ಮೂಗು ತುರಿಸುವುದೇಕೋ!

‘ಮೆತ್ತೆ ಸವೆದಿದೆ’ ಎಂದು ವರದಿ ಬಂತು. ಮನೆಯಲ್ಲಿ ಸೂತಕದ ಮೌನ. ವೈದ್ಯರು ಮಾತ್ರ ನಕ್ಕರು. ನೋವೇ ಇಲ್ಲದವರ ಪಟಗಳನ್ನು ಕಲೆಹಾಕಿದ 2015ರ ಪರಿಶೀಲನೆಯೊಂದರಲ್ಲಿ, 20ರ ಪ್ರಾಯದವರಲ್ಲೇ ನೂರಕ್ಕೆ 37 ಮಂದಿಗೆ ಈ ಸವೆತವಿತ್ತಂತೆ, 80ರವರಲ್ಲಿ 96. “ಕಾಲಿನ ಶಕ್ತಿ ಕುಂದಿದರೆ, ಮೂತ್ರ ಕಟ್ಟಿದರೆ ಓಡಿ ಬನ್ನಿ. ಇಲ್ಲವಾದರೆ ದಿನವೂ ನಡೆದಾಡಿ” ಎಂದರು.

ನಡೆಯುತ್ತಿದ್ದೇನೆ. ನೋವೂ ಜೊತೆಗೆ ಬರುತ್ತದೆ. ಪಟ ಬೀರುವಿನ ಮೇಲಿದೆ. ಬಂದ ನೆಂಟರು ಅದನ್ನು ಇಳಿಸಿ, ಬೆಳಕಿಗೆ ಹಿಡಿದು, ಆಮೇಲೆ ನನ್ನ ಮುಖ ನೋಡುತ್ತಾರೆ.