ಮೇಲೆ ಉಪ್ಪು, ಕೆಳಗೆ ಬೆಲ್ಲ

ಬ್ಯಾಂಕಾಕಿನಲ್ಲಿ ದೋಣಿ ನೂಡಲ್ಸ್ ಮಾರುವವರು ಈಗ ಬಹುಮಟ್ಟಿಗೆ ದೋಣಿ ಬಿಟ್ಟು ದಡಕ್ಕೆ ಬಂದಿದ್ದಾರೆ. ವಿಕ್ಟರಿ ಮಾನ್ಯುಮೆಂಟಿನ ಹತ್ತಿರ ಕಾಲುವೆಯ ಪಕ್ಕದಲ್ಲಿ ಅವರ ಅಂಗಡಿಗಳ ಸಾಲೇ ಇದೆ. ಅಲ್ಲಿ ಖಾರದ ಸಾರಿನ ಜೊತೆಗೆ ತಪ್ಪದೆ ಸಿಗುವುದು, ತಟ್ಟೆಯಲ್ಲಿ ಜೋಡಿಸಿಟ್ಟ ಬಿಳಿ ಪಿಂಗಾಣಿಯ ಪುಟ್ಟ ಬಟ್ಟಲುಗಳು. ಒಂದೊಂದೂ ಅಂಗೈ ಗುಳಿಯಲ್ಲಿ ಕೂರುವಷ್ಟು. ಮೇಲೆ ಹಾಲಿನಂಥ ಬಿಳಿ ಪದರ, ಅದರಡಿ ಎಳೆ ಹಸಿರೋ ಬೆಲ್ಲದ ಕಂದೋ ಆದ ಇನ್ನೊಂದು ಪದರ. ಇದು ಖನೋಮ್ ಥುವಾಯ್, ಹಬೆಯಲ್ಲಿ ಬೇಯಿಸಿದ ತೆಂಗಿನ ಹಾಲಿನ ಸಿಹಿ. ಥಾಯ್ ಸಿಹಿಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದೇ.

ಮೊದಲ ಸಲ ತಿನ್ನುವವರಿಗೆ ನಾಲಿಗೆಗೆ ತಾಗುವುದು ಉಪ್ಪು. ಪಾಯಸಕ್ಕೆ ನಮ್ಮ ಮನೆಗಳಲ್ಲಿ ಹಾಕುವ ಒಂದು ಹರಳು ಉಪ್ಪಲ್ಲ, ಇದ್ದೇನೆಂದು ಎದುರಿಗೆ ನಿಂತು ಹೇಳುವ ಉಪ್ಪು. ಅದರ ಬೆನ್ನಿಗೇ ಕೆಳಗಿನ ಪದರದ ಸಿಹಿ ಬರುತ್ತದೆ. ಬರೀ ಸಕ್ಕರೆಯಲ್ಲಿ ಎಂದೂ ಸಿಗದ ಒಂದು ತುಂಬಿದ ರುಚಿ ಬಾಯಲ್ಲಿ ಹರಡುತ್ತದೆ. ಥಾಯ್ ಅಡುಗೆಯವರಿಗೆ ಇದು ಮೂಲಪಾಠ. ಮಾವಿನ ಹಣ್ಣಿನ ಜೊತೆಯ ಅಂಟಕ್ಕಿ ಅನ್ನದ ಮೇಲೆ ಸುರಿಯುವ ತೆಂಗಿನ ಹಾಲಿಗೂ ಉಪ್ಪು, ಎಲೆಯ ದೊನ್ನೆಯಲ್ಲಿ ಕೊಡುವ ತಾಕೋ ಎಂಬ ಸಿಹಿಯ ಮೇಲ್ಪದರಕ್ಕೂ ಉಪ್ಪು, ಬಾಳೆಹಣ್ಣನ್ನು ತೆಂಗಿನ ಹಾಲಿನಲ್ಲಿ ಬೇಯಿಸಿದರೆ ಅದಕ್ಕೂ ಉಪ್ಪು. ಉಪ್ಪಿಗಿಂತ ರುಚಿಯಿಲ್ಲ ಎಂದು ನಾವೂ ಹೇಳುತ್ತೇವೆ. ಅವರು ಅದನ್ನು ಸಿಹಿಯಡುಗೆಯಲ್ಲೇ ನಡೆಸಿ ತೋರಿಸಿದ್ದಾರೆ.

ಮನೆಯಲ್ಲಿ ಮಾಡಲು ದೊಡ್ಡ ಸಾಮಾನಿನ ಪಟ್ಟಿ ಬೇಕಿಲ್ಲ. ಕೆಳಪದರಕ್ಕೆ 100 ಗ್ರಾಂ ಅಕ್ಕಿ ಹಿಟ್ಟು, 2 ಚಮಚ ಮರಗೆಣಸಿನ ಹಿಟ್ಟು, ಸುಮಾರು 150 ಗ್ರಾಂ ತಾಳೆಬೆಲ್ಲ, ಒಂದು ಲೋಟ ತೆಂಗಿನ ಹಾಲು, ಅಷ್ಟೇ ಪಂದನ್ ಎಲೆಯ ರಸ. ಎರಡು ಹಿಟ್ಟುಗಳ ಕೆಲಸ ಬೇರೆ ಬೇರೆ. ಅಕ್ಕಿ ಹಿಟ್ಟು ಆರಿದ ಮೇಲೆ ಬಿಗಿಯಾಗಿ ನಿಲ್ಲುತ್ತದೆ; ಮರಗೆಣಸಿನ ಹಿಟ್ಟು ಹೊಳಪನ್ನೂ ಎಳೆತವನ್ನೂ ಕೊಡುತ್ತದೆ. ಒಂದನ್ನೇ ಹಾಕಿದರೆ ಸಿಹಿ ಗಡುಸಾಗುತ್ತದೆ, ಇನ್ನೊಂದನ್ನೇ ಹಾಕಿದರೆ ಹಲ್ಲಿಗೆ ಅಂಟುತ್ತದೆ. ಬೆಲ್ಲವನ್ನು ಮೊದಲು ಹಿಟ್ಟಿಗೆ ಸೇರಿಸಿ, ತೆಂಗಿನ ಹಾಲನ್ನು ಚೂರು ಚೂರೇ ಬಿಡುತ್ತ ಕೈಯಲ್ಲಿ ಚೆನ್ನಾಗಿ ನಾದಿ, ಆಮೇಲೆ ಉಳಿದದ್ದನ್ನು ಸುರಿದು ಸೋಸಬೇಕು.

ಬೆಲ್ಲದಲ್ಲೂ ಅಲ್ಲಿ ಎರಡು ಕುಲ. ಸಮುತ್ ಸೊಂಗ್ಖ್ರಾಮ್ ಪ್ರಾಂತ್ಯದ ಅಂಫವಾ ಕಡೆಯದು ತೆಂಗಿನ ಹೊಂಬಾಳೆಯಿಂದ ಇಳಿಸಿದ ರಸದ್ದು, ಫೆಚ್ಚಬುರಿಯದು ತಾಳೆಮರದ್ದು. ಎರಡೂ ಮೆದು, ಸ್ವಲ್ಪ ಹೊಗೆಯ ವಾಸನೆ, ಕಬ್ಬಿನ ಬೆಲ್ಲದಷ್ಟು ಗಾಢವಲ್ಲ. ದಕ್ಷಿಣ ಕನ್ನಡದ ಓಲೆಬೆಲ್ಲ ತಿಂದು ಬೆಳೆದವರಿಗೆ ಈ ರುಚಿ ಹೊಸದೇನಲ್ಲ.

ಪಂದನ್ ಎಲೆಯ ವಿಷಯವನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ನೀಳವಾದ, ಕತ್ತಿಯಂಥ ಈ ಎಲೆ ನಮ್ಮ ಕೇದಗೆಯ ಕುಲದ್ದೇ. ಕರಾವಳಿಯಲ್ಲಿ ಅಷ್ಟಮಿ, ಚೌತಿಗೆ ಮೂಡೆ ಕಟ್ಟುವುದೂ ಅದೇ ಕುಲದ ಓಲೆಯಲ್ಲಿ, ಮುಳ್ಳು ತೆಗೆದು, ಬೆಂಕಿಗೆ ಹಿಡಿದು ಬಾಡಿಸಿ. ಕೇದಗೆಯ ಪರಿಮಳವೆಲ್ಲ ಹೂವಿನಲ್ಲಿ. ಪಂದನ್ ಹೂ ಬಿಡುವುದೇ ಅಪರೂಪ, ಅದರ ಪರಿಮಳವೆಲ್ಲ ಎಲೆಯಲ್ಲಿ. ಬುಡದಲ್ಲಿ ಒಡೆಯುವ ಮರಿಗಳನ್ನು ಕಿತ್ತು ನೆಟ್ಟೇ ಅದನ್ನು ಬೆಳೆಸಬೇಕು. ಹಸಿ ಎಲೆಯನ್ನು ಮೂಸಿದರೆ ಅಷ್ಟೇನೂ ತಿಳಿಯದು. ಕತ್ತರಿಸಿ, ನೀರು ಹಾಕಿ ರುಬ್ಬಿ, ಹಿಂಡಿ, ಬಿಸಿಗೆ ಇಟ್ಟಾಗ ಅಡುಗೆಮನೆಯಲ್ಲಿ ಬಾಸ್ಮತಿ ಅನ್ನ ಬೆಂದಂತಾಗುತ್ತದೆ. ಇದು ಬರೀ ಭಾಸವಲ್ಲ. ಬಾಸ್ಮತಿಗೂ ಥಾಯ್ ಮಲ್ಲಿಗೆ ಅಕ್ಕಿಗೂ ಆ ಘಮ ಕೊಡುವ 2-ಅಸಿಟೈಲ್-1-ಪೈರೋಲಿನ್ ಎಂಬ ವಸ್ತುವೇ ಪಂದನ್ ಎಲೆಯಲ್ಲೂ ಇದೆ.

ಇನ್ನು ಹಬೆ. ನೀರು ಮರಳಿ ಹಬೆ ಬಲವಾದ ಮೇಲೆ ಬಟ್ಟಲುಗಳನ್ನು ಖಾಲಿಯಾಗಿಯೇ ಒಳಗಿಟ್ಟು ಕಾಯಿಸಬೇಕು. ಕಾದ ಪಿಂಗಾಣಿಗೆ ಹಿಟ್ಟು ಬಿದ್ದ ಕ್ಷಣವೇ ಅಂಚು ಹಿಡಿದುಕೊಳ್ಳುತ್ತದೆ, ಆರಿದ ಮೇಲೆ ಸಲೀಸಾಗಿ ಬಿಟ್ಟುಕೊಡುತ್ತದೆ. ಅರ್ಧಕ್ಕಿಂತ ತುಸು ಮೇಲೆ ಸುರಿದು ಎಂಟು ಹತ್ತು ನಿಮಿಷ ಬಿಡಬೇಕು. ಮುಚ್ಚಳಕ್ಕೆ ಬಟ್ಟೆ ಕಟ್ಟುವುದನ್ನು ಮರೆಯಬಾರದು. ಮೇಲಿಂದ ತೊಟ್ಟಿಕ್ಕುವ ನೀರು ಪದರವನ್ನು ಕುಳಿ ಬೀಳಿಸುತ್ತದೆ. ಇಡ್ಲಿ ಬೇಯಿಸುವ ಮನೆಗಳಿಗೆ ಇದನ್ನು ಕಲಿಸಬೇಕಾಗಿಲ್ಲ. ಕೆಳಪದರ ಗಟ್ಟಿಯಾಗಿ, ಬೆರಳು ಮುಟ್ಟಿಸಿದರೆ ಅಂಟದಂತಾದಾಗ ಮೇಲಿನದನ್ನು ಸುರಿಯುವ ಹೊತ್ತು: ಒಂದು ಲೋಟ ಗಟ್ಟಿ ತೆಂಗಿನ ಹಾಲು, 2 ಚಮಚ ಅಕ್ಕಿ ಹಿಟ್ಟು, ಅರ್ಧ ಚಮಚ ಉಪ್ಪು. ಸಕ್ಕರೆ ಬೇಡವೇ ಬೇಡ. ಸುರಿದಾಗ ಬಿಳಿ ಹಾಲು ಹಸಿರಿನ ಮೇಲೆ ಒಂದು ಗಳಿಗೆ ನಡುಗಿ, ಅಂಚಿನಿಂದ ನಡುವಿನತ್ತ ಮಂಕಾಗುತ್ತ ಬರುತ್ತದೆ. ನಡುವೂ ಮಂಕಾದರೆ ಬೆಂದಿತು. ಐದು ನಿಮಿಷ ಸಾಕು. ಹೆಚ್ಚು ಬಿಟ್ಟರೆ ಹಾಲು ಒಡೆದು ಎಣ್ಣೆ ತೇಲುತ್ತದೆ.

ಥಾಯ್ ಸಿಹಿ ಎಂದರೆ ಅಂಗಡಿಗಳಲ್ಲಿ ಕಣ್ಣಿಗೆ ಬೀಳುವುದು ಮೊಟ್ಟೆಯ ಹಳದಿಯಿಂದ ಮಾಡಿದ ಬಂಗಾರ ಬಣ್ಣದ ತಿಂಡಿಗಳು. ಪೋರ್ಚುಗೀಸರ ಅಡುಗೆಯಿಂದ ಬಂದ ಅವುಗಳನ್ನು ಸಯಾಮಿಗೆ ಪರಿಚಯಿಸಿದ ಕೀರ್ತಿಯನ್ನು ಜನ 17ನೇ ಶತಮಾನದ ಅಯುತ್ಥಯದ ಮರಿಯಾ ಗಿಯೊಮಾರ್ ದೆ ಪಿನ್ಹಾ ಎಂಬ ಮಹಿಳೆಗೆ ಕೊಡುತ್ತಾರೆ. ಆಕೆಯ ಗಂಡ, ನಾರೈ ರಾಜನ ಆಪ್ತನಾಗಿದ್ದ ಗ್ರೀಕ್ ಮೂಲದ ಫಾಲ್ಕನ್, 1688ರ ಅರಮನೆ ಕ್ರಾಂತಿಯಲ್ಲಿ ಪ್ರಾಣ ಕಳೆದುಕೊಂಡ. ಆಕೆಯ ಸಿಹಿಗಳು ಇಂದಿಗೂ ಮದುವೆಯ ತಟ್ಟೆಯಲ್ಲಿವೆ. ಅವುಗಳ ಮೇಲೆ ನನಗೆ ಗೌರವವಿದೆ. ಆದರೆ ಅಕ್ಕಿ, ತೆಂಗು, ಬೆಲ್ಲ ಎಂಬ ಮೂರರಲ್ಲೇ ಮುಗಿಯುವ ಹಬೆಯ ಸಿಹಿಗಳ ಮೇಲೆ ಪ್ರೀತಿ. ಇವಕ್ಕೆ ಮೊಟ್ಟೆಯಿಲ್ಲ, ಹಸುವಿನ ಹಾಲಿಲ್ಲ, ಒಲೆಗಿಂತ ಹೆಚ್ಚಿನ ಉಪಕರಣವಿಲ್ಲ. ಅಕ್ಕಿಯೂ ತೆಂಗೂ ಬೆಳೆಯುವ ನಾಡಿನ ಬಡವರ ಮನೆಯಲ್ಲೂ ಇವು ಆಗುತ್ತವೆ.

ಒಂದು ಮಾತು ನೆನಪಿರಲಿ. ಬಿಸಿಯಲ್ಲಿ ಇದನ್ನು ಬಟ್ಟಲಿನಿಂದ ಎಬ್ಬಿಸಬಾರದು, ಪೂರ್ತಿ ಆರಬೇಕು. ಹಾಗೆಂದು ನಾಳೆಗೂ ಇಡಬಾರದು. ಹೊರಗಿಟ್ಟರೆ ತೆಂಗಿನ ಹಾಲು ಹಳಸುತ್ತದೆ, ಫ್ರಿಜ್ಜಿನಲ್ಲಿಟ್ಟರೆ ಅಕ್ಕಿ ಹಿಟ್ಟು ಬಿರುಸಾಗುತ್ತದೆ. ಮಾಡಿದ ದಿನವೇ ತೀರಬೇಕಾದ ಸಿಹಿ ಇದು. ಆದ್ದರಿಂದ ಮನೆಗೆ ನಾಲ್ಕು ಜನ ಬರುವ ದಿನ ನೋಡಿ ಮಾಡಿ, ಉಳಿದರೆ ಪಕ್ಕದ ಮನೆಗೆ ಕಳಿಸಿ. ಮತ್ತೆ, ಉಪ್ಪನ್ನು ಹೆದರಿ ಹೆದರಿ ಹಾಕಬೇಡಿ. ಬರೀ ಮೇಲ್ಪದರವನ್ನು ಚಮಚದ ತುದಿಯಲ್ಲಿ ತೆಗೆದು ನೋಡಿದರೆ ಉಪ್ಪು ಹೆಚ್ಚಾಯಿತು ಎನಿಸಬೇಕು. ಚಮಚವನ್ನು ತಳದವರೆಗೆ ಇಳಿಸಿ ಎರಡನ್ನೂ ಒಟ್ಟಿಗೆ ಬಾಯಿಗಿಟ್ಟಾಗ ಸರಿಯಾಯಿತು ಎನಿಸಬೇಕು. ಅಳತೆ ಅಷ್ಟೇ. ಹಾಗೆ ತಿಂದವರು ಎರಡನೇ ಬಟ್ಟಲಿಗೆ ತಾವಾಗಿಯೇ ಕೈ ಚಾಚುತ್ತಾರೆ.