ಆರು ಪಿನ್ನಿನ ಸುಖ

ಹಳೆಯ ಕಂಪ್ಯೂಟರಿನ ಸ್ವಿಚ್ ಒತ್ತಿದಾಗ ಎಲ್ಲರೂ ಪರದೆ ನೋಡುತ್ತಾರೆ. ನಾನು ಕೀಬೋರ್ಡಿನ ಬಲಮೂಲೆ ನೋಡುತ್ತೇನೆ. ಅಲ್ಲಿನ ಮೂರು ದೀಪಗಳು ಒಮ್ಮೆ ಮಿನುಗಿ ಆರಿದವೆಂದರೆ ಕರೆಂಟು ತಲುಪಿದೆ, ಒಳಗಿನ ಪುಟ್ಟ ಚಿಪ್ಪು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತಿದೆ ಎಂದರ್ಥ. ಆಮೇಲೆ ನಮ್ ಲಾಕ್ ಒತ್ತುತ್ತೇನೆ. ಆ ದೀಪ ಕೀಬೋರ್ಡ್ ತಾನಾಗಿ ಹಚ್ಚಿಕೊಳ್ಳುವುದಲ್ಲ. ಕೀ ಒತ್ತಿದ ಸುದ್ದಿ ವೈರಿನಲ್ಲಿ ಕಂಪ್ಯೂಟರಿಗೆ ಹೋಗಬೇಕು, ದೀಪ ಹಚ್ಚು ಎಂಬ ಅಪ್ಪಣೆ ಅದೇ ವೈರಿನಲ್ಲಿ ವಾಪಸು ಬರಬೇಕು. ಆ ಹಸಿರು ಚುಕ್ಕೆ ಹೊತ್ತಿತೆಂದರೆ ಹೋಗುವ ದಾರಿಯೂ ಸರಿ, ಬರುವ ದಾರಿಯೂ ಸರಿ, ಆ ತುದಿಯಲ್ಲಿ ಕೇಳಿಸಿಕೊಳ್ಳುವ ಯಂತ್ರವೂ ಎಚ್ಚರವಾಗಿದೆ. ಒಂದು ಬೆರಳಲ್ಲಿ ಇಷ್ಟೆಲ್ಲ ತಿಳಿಯುವ ಪರೀಕ್ಷೆ ಇನ್ನೊಂದನ್ನು ನಾನು ಕಂಡಿಲ್ಲ.

ನನ್ನ ಪ್ರೀತಿಯೆಲ್ಲ ಹಿಂಬದಿಯ ಆ ದುಂಡು ಕಿಂಡಿಯ ಮೇಲೆ. 1987ರಲ್ಲಿ ಐಬಿಎಂ ತನ್ನ ಪರ್ಸನಲ್ ಸಿಸ್ಟಮ್/2 ಕಂಪ್ಯೂಟರುಗಳ ಜೊತೆ ತಂದದ್ದು. ಪಿಎಸ್/2 ಎಂಬ ಹೆಸರು ಅಲ್ಲಿಂದಲೇ ಬಂತು. ಅದಕ್ಕೆ ಸಿಕ್ಕಿಸುವ ಪ್ಲಗ್ಗಿನ ಆರು ಪಿನ್ನುಗಳಲ್ಲಿ ದುಡಿಯುವವು ನಾಲ್ಕೇ: ಐದು ವೋಲ್ಟಿನದೊಂದು, ಗ್ರೌಂಡಿನದೊಂದು, ಮಾಹಿತಿಯದೊಂದು, ಆ ಮಾಹಿತಿಗೆ ತಾಳ ಹಾಕುವ ಕ್ಲಾಕಿನದೊಂದು. ಕಂಪ್ಯೂಟರನ್ನು ಈಚೆ ಎಳೆಯುವ ತಾಳ್ಮೆಯಿಲ್ಲದೆ, ಹಿಂದಕ್ಕೆ ಕೈ ಚಾಚಿ ಅಂದಾಜಿನಲ್ಲೇ ತುರುಕುವವರಿಂದ ಈ ಪಿನ್ನುಗಳು ಬಾಗುತ್ತವೆ. ಬಾಗಿದ್ದನ್ನು ನೆಟ್ಟಗೆ ಮಾಡುವಾಗ ಸಿಗುವ ಸುಖವೇ ಬೇರೆ. ಇಕ್ಕಳ ಒರಟು, ಹತ್ತಿರ ತರಬಾರದು. ಮೊನೆ ಕಿತ್ತ ಖಾಲಿ ರೀಫಿಲ್ಲನ್ನು ಪಿನ್ನಿಗೆ ತೊಡಿಸಿ, ಕೂದಲೆಳೆಯಷ್ಟು ಒತ್ತಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಒತ್ತಬೇಕು. ಅವಸರ ಮಾಡಿದರೆ ಪಿನ್ನು ಬುಡದಲ್ಲೇ ಮುರಿಯುತ್ತದೆ.

ಇಂಥ ಕಿಂಡಿಗಳು ಎರಡು: ನೇರಳೆ ಬಣ್ಣದ್ದು ಕೀಬೋರ್ಡಿಗೆ, ಹಸಿರು ಮೌಸಿಗೆ. ಬಣ್ಣ ಬರುವ ಮುಂಚಿನ ಯಂತ್ರಗಳಲ್ಲಿ ಎರಡೂ ಕಿಂಡಿ ಅವಳಿಜವಳಿ, ಅದಲುಬದಲಾಗುವುದು ಸಹಜ. ಹಾಗಾದರೆ ಏನೂ ಸುಡುವುದಿಲ್ಲ, ಎರಡೂ ಮಾತಾಡುವುದಿಲ್ಲ ಅಷ್ಟೆ. ಆಗ ಪರದೆಯ ಮೇಲೆ ಕೀಬೋರ್ಡ್ ಇಲ್ಲ, ಮುಂದುವರಿಯಲು ಎಫ್1 ಒತ್ತಿ ಎಂಬ ಸಾಲು ಬರುತ್ತದೆ. ಜನ ಇದನ್ನು ನಗೆಹನಿ ಮಾಡಿಕೊಂಡಿದ್ದಾರೆ. ನನಗೆ ಅದರಲ್ಲಿ ವಿವೇಕ ಕಾಣುತ್ತದೆ: ಮೊದಲು ಜೋಡಿಸು, ಜೋಡಣೆ ಸರಿಯಾಗಿದೆ ಎಂದು ಆ ಕೀಲಿಯಿಂದಲೇ ತೋರಿಸು.

ಕಂಪ್ಯೂಟರ್ ಓಡುತ್ತಿರುವಾಗ ಮೌಸಿನ ವೈರು ಕಿತ್ತುಬಂದರೆ ಮತ್ತೆ ಸಿಕ್ಕಿಸಿದರೂ ಬಾಣ ಕದಲದೆ ಇರಬಹುದು. ಹೊಸದಾಗಿ ಕರೆಂಟು ಸಿಕ್ಕ ಪಿಎಸ್/2 ಮೌಸ್, ಕಂಪ್ಯೂಟರಿನಿಂದ ಅಪ್ಪಣೆ ಬರುವತನಕ ತನ್ನ ಚಲನೆಯನ್ನು ವರದಿ ಮಾಡುವುದಿಲ್ಲ. ಕೆಟ್ಟಿದೆಯೆಂದು ಎಸೆಯಬೇಡಿ, ರೀಸ್ಟಾರ್ಟ್ ಮಾಡಿ. ಆದರೆ ಅದೇ ಗಳಿಗೆಯಲ್ಲಿ ಕೀಬೋರ್ಡೂ ಸತ್ತಿದ್ದರೆ ಸಂಶಯ ಮದರ್‌ಬೋರ್ಡಿಗೆ ತಿರುಗಬೇಕು. ಈ ಕಿಂಡಿಗಳಿಗೆ ಐದು ವೋಲ್ಟ್ ಹರಿಯುವ ದಾರಿಯಲ್ಲಿ ಸಾಮಾನ್ಯವಾಗಿ ಒಂದು ಚಿಕ್ಕ ಫ್ಯೂಸ್ ಇರುತ್ತದೆ. ಚಾಲೂ ಇದ್ದಾಗ ಸಿಕ್ಕಿಸಿ ತೆಗೆದರೆ ಅದು ಹೋಗಬಹುದು. ಎರಡು ಸಾಧನ ಒಟ್ಟಿಗೆ ಕೆಡುವುದಕ್ಕಿಂತ ಎರಡಕ್ಕೂ ಸೇರಿದ ಒಂದು ಕೆಡುವುದೇ ಹೆಚ್ಚು ಸಂಭವ. ಹೀಗೆ ಸಂಶಯವನ್ನು ಅರ್ಧರ್ಧ ಕಡಿಯುತ್ತ ಹೋಗುವ ಕ್ರಮಕ್ಕೇ ನಾನು ಮರುಳಾದದ್ದು.

ಬಾಣ ಅಡ್ಡಡ್ಡ ಓಡಿ ಮೇಲೆ ಕೆಳಗೆ ಹೋಗದಿದ್ದರೆ ವೈರನ್ನು ಬೈಯಬೇಡಿ. ಹಳೆಯ ಮೌಸಿನ ಹೊಟ್ಟೆಯೊಳಗಿನ ಚೆಂಡಿನ ಪಕ್ಕದ ರೋಲರಿಗೆ ಕೊಳೆ ಸುತ್ತಿದೆ. ವೈರು ಅಲುಗಿಸಿದಾಗ ಜೀವ ಬಂದು ಹೋದರೆ ಕತ್ತಿನ ಹತ್ತಿರ ಎಳೆ ತುಂಡಾಗಿದೆ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಪಿಎಸ್/2 ಕೀಬೋರ್ಡ್ ಕೇಳಿದರೆ ಅಂಗಡಿಯ ಹುಡುಗ "ಯುಎಸ್‌ಬಿ ತಗೊಳ್ಳಿ ಸಾರ್, ಒಂದು ಕನ್ವರ್ಟರ್ ಹಾಕೊಂಡ್ರಾಯ್ತು" ಅನ್ನುತ್ತಾನೆ. ಆ ಅಗ್ಗದ ಹಸಿರು ಕನ್ವರ್ಟರಿನ ಒಳಗೆ ಬರೀ ತಂತಿ. ಎರಡೂ ಭಾಷೆ ಬಲ್ಲ ಕೀಬೋರ್ಡೋ ಮೌಸೋ ಆದರೆ ಮಾತ್ರ ಅದರಿಂದ ಉಪಯೋಗ. ಇನ್ನು ಬಯೋಸಿನಲ್ಲಿ, ಅಂದರೆ ಸ್ವಿಚ್ ಒತ್ತಿದೊಡನೆ ಓಡುವ ಮೊದಲ ಪ್ರೋಗ್ರಾಮಿನಲ್ಲಿ, ಯುಎಸ್‌ಬಿ ಕೀಬೋರ್ಡಿನ ಬೆಂಬಲ ಆಫ್ ಆಗಿರುವ ಹಳೆಯ ಯಂತ್ರಗಳಿವೆ. ಅದನ್ನು ಆನ್ ಮಾಡಲು ಬಯೋಸಿನ ಒಳಗೆ ಹೋಗಬೇಕು, ಹೋಗಲು ಯುಎಸ್‌ಬಿ ಕೀಬೋರ್ಡ್ ಕೆಲಸಕ್ಕೆ ಬಾರದು. ಅದಕ್ಕೇ ಯಾರಾದರೂ ದುಂಡು ಪ್ಲಗ್ಗಿನ ಕೀಬೋರ್ಡನ್ನು ಗುಜರಿಗೆ ಹಾಕುತ್ತಾರೆಂದು ತಿಳಿದರೆ ನಾನೇ ಹೋಗಿ ಕೇಳಿ ತಂದಿಟ್ಟುಕೊಳ್ಳುತ್ತೇನೆ. ಅಕ್ಷರಗಳು ಅಳಿಸಿಹೋಗಿದ್ದರೂ ಅಡ್ಡಿಯಿಲ್ಲ.